ಗುಡ್ಡೆಯೊಳಗಿನ ಐದು ಕಲ್ಲು

“ಗುದ್ದಲಿ ಕೆಳಗಿಡು.”

ಸಿಕಂದರ ಬೆಚ್ಚಿ ತಿರುಗಿದ. ಎತ್ತಿದ ಗುದ್ದಲಿ ಎತ್ತಿದಂತೆಯೇ ಉಳಿಯಿತು. ಬೆಳಗಿನ ಎಂಟು ಗಂಟೆಗೆ ಒಡ್ಡಿಗೆ ಮಣ್ಣು ತೆಗೆದ ಕುಣಿಯ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಅವನು ಮಣ್ಣಿನ ಗುಡ್ಡೆಯೊಂದನ್ನು ಕೆಡವಲು ಹೊರಟಿದ್ದ.

“ಜಮಾದಾರ್ರ, ನೀವಾ? ಇಲ್ಲೇನ್ ಮಾಡಾಕತ್ತೀರಿ?”

“ನಾ ಕೇಳೂದನ್ನ ನೀ ಕೇಳಾಕತ್ತಿಯಲ್ಲೋ. ನೀ ಏನ್ ಮಾಡಾಕತ್ತಿ?”

“ಏನಿಲ್ರಿ. ಕುಣಿ ಸಾಪ್ ಮಾಡು ಅಂತ ಸಾವ್ಕಾರ್ರು ಹೇಳ್ಯಾರ.”

“ನೆರಿ ಬಂದು ಮೂರ ದಿನ ಆತು. ಊರಾಗ ಇನ್ನೂ ಹೆಣದ ವಾಸನಿ ಹೋಗಿಲ್ಲ. ನಿಮ್ಮ ಸಾವ್ಕಾರ್ರಿಗೆ ಕುಣಿ ಸಾಪ್ ಮಾಡೂ ಚಿಂತಿ ಹತ್ತೈತೇನು?”

ನಾನು ಅವನ ಕೈಯಿಂದ ಗುದ್ದಲಿ ಕಸಿದುಕೊಂಡೆ. ಕುಣಿಯ ದಂಡೆಯ ಮೇಲೆ ಕೂಡ್ರು, ಎದ್ದರೆ ಕಾಲು ಮುರಿಯುತ್ತೇನೆ ಎಂದೆ. ಕೂತ. ಈ ಒಡ್ಡು ಕಟ್ಟಿಸಿದ ರಂಗಂಪೇಟೆಯ ಗುತ್ತೇದಾರ ಜಗದೇವಪ್ಪ ಸಾವಕಾರರ ಬಲಗೈ ಈ ಸಿಕಂದರ. ಕೆಲಸಗಾರರ ಮೇಲೆ ಮುಕದ್ದಮ. ಸಾವಕಾರರು ಹೇಳದೆ ಅವನು ನೀರೂ ಕುಡಿಯುವವನಲ್ಲ.

ಒಡ್ಡು ಕಡಿದು ಹಳ್ಳದಕೇರಿಯನ್ನು ಮುಳುಗಿಸಿದನೆಂದು ಅದೇ ಕೇರಿಯ ಮೌನಪ್ಪನನ್ನು ನಾವು ಹಿಡಿದು ಮೂರು ದಿನವಾಗಿತ್ತು. ಇವತ್ತು ಹನ್ನೆರಡರ ಮೋಟಾರಿಗೆ ಅವನನ್ನು ಯಾದಗಿರಿಗೆ ಒಯ್ದು, ಅಲ್ಲಿಂದ ರೈಲಿನಲ್ಲಿ ಕಲಬುರ್ಗಿ ಜೈಲಿಗೆ ಕಳಿಸಬೇಕು. ಒಮ್ಮೆ ಹೋದನೆಂದರೆ ಮುಗಿಯಿತು. ಜೈಲಿನ ಗೋಡೆಯೊಳಗಿಂದ ನಮ್ಮ ಸೀಮೆಯ ಬಡವ ತಿರುಗಿ ಬಂದದ್ದನ್ನು ನನ್ನ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಎರಡೇ ಸಲ ನೋಡಿದ್ದೇನೆ. ಅವರಲ್ಲಿ ಒಬ್ಬನ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ.

ಮೌನಪ್ಪನ ವಿರುದ್ಧ ಇದ್ದ ಸಾಕ್ಷ್ಯ ಒಂದೇ. ಒಡ್ಡು ಒಡೆದ ಜಾಗದಲ್ಲಿ ಅವನ ಗುದ್ದಲಿ ಸಿಕ್ಕಿತ್ತು. ಹೊಲಕ್ಕೆ ನೀರು ಹರಿಸಿಕೊಳ್ಳಲು ಕಡಿದ ಎಂದು ಠಾಣೆಯ ಕಾಗದ ಹೇಳುತ್ತದೆ. ಆ ನೀರಿನಲ್ಲಿ ಹನ್ನೊಂದು ಮನೆ ಹೋದವು. ಎರಡು ಜೀವ ಹೋದವು. ಒಂದು, ಕೇರಿಯ ಮುದುಕ. ಇನ್ನೊಂದು, ಐದು ವರ್ಷದ ಮಾನಮ್ಮ. ಮಾನಮ್ಮ ಮೌನಪ್ಪನ ಮಗಳು. ತನ್ನ ಕೂಸು ಮಲಗಿದ್ದ ಮನೆಗೆ ಅಪ್ಪನೇ ನೀರು ಬಿಟ್ಟನಂತೆ! ಇದನ್ನು ಬರೆದವರ ಕೈ ನಡುಗಲಿಲ್ಲವಲ್ಲ ಎಂದು ನನಗೆ ಈಗಲೂ ಆಶ್ಚರ್ಯ.

ಕಾಗದವೆಲ್ಲ ಉರ್ದುವಿನಲ್ಲಿ. ನನಗೆ ಆ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಶಹಾಪುರ ಠಾಣೆಯಲ್ಲಿ ಯಾರಾದರೂ ಬೆರಳಿಟ್ಟು ತೋರಿಸಿದ ಕಡೆ ಕನ್ನಡದಲ್ಲಿ ‘ಹಂಪಣ್ಣ, ಜಮಾದಾರ’ ಎಂದು ಬರೆಯುತ್ತ ಬಂದಿದ್ದೇನೆ. ಎಂಟು ದಿನದ ಹಿಂದೆ ಬೀದರದಿಂದ ಬಂದ ನನ್ನ ಹೊಸ ಮೇಲಧಿಕಾರಿ, ಅಮೀನ ಯೂನುಸ ಸಾಹೇಬರದು ಇದರ ತಿರುಗುಮುರುಗು. ಕನ್ನಡ ಮಾತಾಡುತ್ತಾರೆ, ಅದರ ಅಕ್ಷರ ಓದಲು ಬರದೆ ಮುಖ ತಿರುಗಿಸುತ್ತಾರೆ. ಹೀಗೆ ಇಬ್ಬರು ಅರೆಗಣ್ಣಿನವರು ಸೇರಿ ಇಲ್ಲಿ ನ್ಯಾಯ ನಡೆಸುತ್ತಿದ್ದೇವೆ.

ಮೌನಪ್ಪ ಅಮೀನರಿಗೆ ‘ಹೌದು’, ‘ಇಲ್ಲ’ ಎಂದಾದರೂ ಹೇಳುತ್ತಿದ್ದ. ನನ್ನೊಂದಿಗೆ ಮೂರು ದಿನದಲ್ಲಿ ಒಂದು ಮಾತೂ ಆಡಿರಲಿಲ್ಲ. ರೊಟ್ಟಿ ಕೊಟ್ಟರೆ ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ದುಃಖದಲ್ಲಿದ್ದಾನೆ ಎಂದುಕೊಂಡು ಸುಮ್ಮನಾಗಿದ್ದೆ.

ನಾನು ಕುಣಿಗಿಳಿದೆ.

ಹಳ್ಳದಕೇರಿ ದೋರನಹಳ್ಳಿಯಿಂದ ಒಂದು ಹರದಾರಿ. ಅಲ್ಲಿಯ ಹಳ್ಳದಲ್ಲಿ ವರ್ಷಕ್ಕೆ ಹನ್ನೊಂದು ತಿಂಗಳು ನೀರಿರುವುದಿಲ್ಲ. ಹೆಂಗಸರು ಉಸುಕಿನಲ್ಲಿ ವರತಿ ತೋಡಿ ಬಟ್ಟಲಿನಿಂದ ಮೊಗೆದು ಕೊಡ ತುಂಬುತ್ತಾರೆ. ಉಳಿದೊಂದು ತಿಂಗಳಲ್ಲಿ ಎಲ್ಲೋ ಮೇಲೆ ಗುಡ್ಡದ ಕಡೆ ಮಳೆ ಸುರಿದರೆ, ಇಲ್ಲಿ ಬಿಸಿಲು ಕಾಯುತ್ತಿರುವಾಗಲೇ ಹಳ್ಳ ಮನೆಯೊಳಗೆ ಬರುತ್ತದೆ.

ತಡೆಗೆ ಒಂದು ಒಡ್ಡು ಹಾಕಿಸಿಕೊಡಿ ಎಂದು ಕೇರಿಯವರು ಒಂಬತ್ತು ವರ್ಷ ಅರ್ಜಿ ಹಾಕಿದರು. ಮೌನಪ್ಪನ ಅಪ್ಪ ಅಂಬಣ್ಣ ಆ ಅರ್ಜಿ ಹಿಡಿದು ಕಲಬುರ್ಗಿಗೆ ಎಷ್ಟು ಸಲ ನಡೆದನೋ! ಮಳೆಯೇ ಕಾಣದ ಸೀಮೆಗೆ ನೆರೆಯ ಒಡ್ಡು ಯಾಕೆ ಎಂದು ಯಾರೋ ದೊಡ್ಡವರು ಅದರ ಅಂಚಿನಲ್ಲಿ ಬರೆದರಂತೆ. ಕಡೆಗೊಮ್ಮೆ ಸರಕಾರದ ಖಜಾನೆಯಿಂದ ಸಂಸ್ಥಾನದ ನಾಣ್ಯದಲ್ಲಿ ನಲವತ್ತು ಸಾವಿರ ಹಾಲಿ ರೂಪಾಯಿ ಮಂಜೂರಾಯಿತು. ಅಷ್ಟರಲ್ಲಿ ಅಂಬಣ್ಣ ಮಣ್ಣು ಸೇರಿದ್ದ. ಒಡ್ಡು ಎದ್ದು ಇನ್ನೂ ಎರಡು ವರ್ಷವಾಗಿರಲಿಲ್ಲ, ಈ ಸಲದ ಉತ್ತರಿ ಮಳೆಗೆ ಹೋಯಿತು.

ಒಡ್ಡಿನ ಅಳಿದುಳಿದ ಭಾಗವನ್ನು ನಿನ್ನೆಯೇ ನೋಡಿದ್ದೆ. ಒಡೆಯದೆ ನಿಂತ ಕಡೆಯಲ್ಲೂ ನೆತ್ತಿಯ ಮೇಲೆ ಕಸ, ಜೋಳದ ಕಣಿಕೆ, ಸತ್ತ ಕೋಳಿ. ಅಂದರೆ ನೀರು ಮೊದಲು ಉದ್ದಕ್ಕೂ ಒಡ್ಡನ್ನು ಹತ್ತಿ ಇಳಿದಿದೆ, ಆಮೇಲೆ ಒಡೆದಿದೆ. ಕಡಿದ ಒಡ್ಡಿನ ಮೇಲೆ ಕೋಳಿ ಹತ್ತಿ ಕೂಡುವುದಿಲ್ಲ. ಒಡ್ಡು ಗಿಡ್ಡವಾಗಿತ್ತು. ನಕ್ಷೆಯಲ್ಲಿದ್ದುದಕ್ಕಿಂತ ಬಹಳ ಗಿಡ್ಡವಾಗಿತ್ತು.

ಇದನ್ನೇ ಅಮೀನರಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು. “ಮಣ್ಣು ಕಡಿಮಿ ಹಾಕ್ಯಾರಂತಿ. ಮತ್ತ ಕುಣಿ ಯಾಕ ಅಷ್ಟು ಆಳ ಐತಿ?”

ಅದು ಸರಿಯಾದ ಪ್ರಶ್ನೆ. ಸರಕಾರ ಹಣ ಕೊಡುವುದು ಒಡ್ಡನ್ನು ನೋಡಿ ಅಲ್ಲ, ಮಣ್ಣು ತೆಗೆದ ಕುಣಿಯನ್ನು ಅಳೆದು. ಇಲ್ಲಿಯ ನೆಲ ಏರಿಳಿತದ್ದು, ಅಂಚು ನೋಡಿ ಆಳ ಹೇಳಲು ಬರುವುದಿಲ್ಲ. ಹಾಗಾಗಿ ಕುಣಿಯ ನಡುನಡುವೆ ಒಂದೊಂದು ತುಂಡು ನೆಲವನ್ನು ಅಗೆಯದೆ ಗುಡ್ಡೆಯಾಗಿ ಬಿಡುತ್ತಾರೆ. ಗುಡ್ಡೆಯ ನೆತ್ತಿಯೆಂದರೆ ಹಳೆಯ ನೆಲ. ಗುಡ್ಡೆ ಎಷ್ಟೆತ್ತರವೋ ಕುಣಿ ಅಷ್ಟು ಆಳ, ಗುತ್ತೇದಾರನಿಗೆ ಅಷ್ಟು ಹಣ.

ಅಳತೆಯ ದಿನ ಬಂದೋಬಸ್ತಿಗೆ ನಾನೂ ಬಂದಿದ್ದೆ. ಶಾಮಿಯಾನ ಹಾಕಿದ್ದರು. ಅಧಿಕಾರಿಗಳು ಕುಣಿಗಿಳಿದರು, ನಾವು ನೆರಳಿಗೆ ಸರಿದೆವು. ಮುತ್ತಲ ಎಲೆಯಲ್ಲಿ ಶೇಂಗಾ ಹೋಳಿಗೆ ಬಡಿಸಿದರು. ಹೋಳಿಗೆಯ ರುಚಿ ಇನ್ನೂ ನೆನಪಿದೆ, ಕುಣಿ ನೆನಪಿಲ್ಲ.

ಆಗ ಇಂಥ ಇಪ್ಪತ್ತು ಗುಡ್ಡೆಗಳಿದ್ದವು. ಹತ್ತೊಂಬತ್ತು ನೆರೆಗೆ ಕರಗಿ ಕೆಸರಾಗಿದ್ದವು. ಜಾಲಿ ಮರದ ಮರೆಯಲ್ಲಿ ಉಳಿದದ್ದು ಇದೊಂದೇ. ಇದರ ಮೇಲೆಯೇ ಸಿಕಂದರ ಗುದ್ದಲಿ ಎತ್ತಿದ್ದು.

ಕಳ್ಳ ತನ್ನ ಹೆಜ್ಜೆ ಅಳಿಸುವುದನ್ನು ಕಂಡಿದ್ದೇನೆ. ಆದರೆ ಈ ಗುಡ್ಡೆ ಜಗದೇವಪ್ಪನವರ ಪ್ರಾಮಾಣಿಕತೆಗೆ ಇದ್ದ ಒಂದೇ ಆಧಾರ. ಅದನ್ನು ಅವರು ಆರೈಕೆ ಮಾಡಿ ಕಾಯಬೇಕಿತ್ತು. ಕೆಡವಲು ಆಳು ಕಳಿಸುತ್ತಾರೆಂದರೆ ಅದರ ಹೊಟ್ಟೆಯಲ್ಲಿ ಏನೋ ಇದೆ.

ಗುಡ್ಡೆ ನನ್ನ ಎದೆಮಟ್ಟ ಬಂತು. ನೆತ್ತಿಯ ಮೇಲೆ ಹುಲ್ಲು, ಹುಲ್ಲಿನ ನಡುವೆ ವರ್ತುಲವಾಗಿ ಇಟ್ಟ ಐದು ಕಲ್ಲು.

“ಅವು ನಮ್ಮ ಕಲ್ಲ ಅಲ್ರಿ.”

ದಂಡೆಯ ಮೇಲೆ ಹಣಮಂತಮ್ಮ ನಿಂತಿದ್ದಳು, ಮೌನಪ್ಪನ ತಾಯಿ. ಮನೆಯೆಂಬುದು ಈಗ ಇಲ್ಲದ್ದರಿಂದ ಅವಳು ಹಗಲೆಲ್ಲ ಒಡ್ಡಿನ ಸುತ್ತಮುತ್ತಲೇ ತಿರುಗುತ್ತಿದ್ದಳು. ಕೈಯಲ್ಲಿ ಬಟ್ಟೆಯಲ್ಲಿ ಕಟ್ಟಿದ ಎರಡು ರೊಟ್ಟಿ. ಮಗನಿಗೆ ಕೊಡಬೇಕೆಂದು ಮೋಟಾರಿನ ಹೊತ್ತಿಗೆ ಕಾಯುತ್ತಿದ್ದಳು.

“ನಿಮ್ಮ ಕಲ್ಲ ಅಂದ್ರ?”

“ಅಗಿಯಾಕ ಸುರು ಮಾಡೂ ದಿನ ನೆಲಕ್ಕ ಪೂಜಿ ಮಾಡಬೇಕಲ್ರಿ. ಗುಡ್ಡಿ ಬಿಡೂ ಜಾಗಾಕ ಐದ ಕಲ್ಲ ಇಡ್ತೀವಿ. ನಾ ಹಿರ್ಯಾಕಿ ಅಂತ ನನ್ನ ಕೈಲೆ ಇಡಿಸಿದ್ರು. ಭೀಮಾ ಹೊಳಿಯಿಂದ ತಂದಿದ್ದೆ. ನುಣ್ಣನ ಕಲ್ಲ, ಸುಣ್ಣಾ ಹಚ್ಚಿ ಇಟ್ಟಿದ್ದೆ. ಅವು ನೋಡ್ರಿ, ಹೊಲದಾಗಿನ ಗರಸುಗಲ್ಲು. ಅವನ್ನ ಯಾರು ಇಟ್ಟಾರೋ ನನಗ ಗೊತ್ತಿಲ್ಲ.”

ನಾನು ಸಿಕಂದರನ ಕಡೆ ನೋಡಿದೆ. ಅವನು ತನ್ನ ಕಾಲಿನ ಕೆಸರನ್ನು ಬಹಳ ಶ್ರದ್ಧೆಯಿಂದ ಕೆರೆಯುತ್ತಿದ್ದ.

“ಅವ್ವಾ, ಅಳತಿ ಮಾಡಾಕ ಸಾಹೇಬ್ರು ಬರೂಕಿಂತ ಮೊದಲ ಈ ಗುಡ್ಡಿಗೆ ಯಾರಾರ ಕೈ ಹಚ್ಚಿದ್ರೇನು?”

“ನಾವ ಹಚ್ಚೀವಲ್ರಿ,” ಎಂದಳು, ಅದರಲ್ಲೇನಿದೆ ಎಂಬಂತೆ. “ಮಳಿಗೆ ಕರಗ್ಯಾವ, ಸಾಹೇಬ್ರ ಕಣ್ಣಿಗೆ ಚಂದ ಕಾಣಬೇಕು, ಮ್ಯಾಲ ಮಣ್ಣ ಏರಿಸ್ರಿ ಅಂತ ಈ ಮುಕದ್ದಮ ಹೇಳಿದ. ಕೇರಿ ಮಂದಿ ಎಲ್ಲಾ ಕೂಡಿ ಏರಿಸಿದ್ವಿ. ಹುಲ್ಲಿನ ಹೆಂಟಿ ಕಡದು ಮ್ಯಾಲ ಕೂಡಿಸಿದ್ವಿ. ಒಂದ ದಿನದ ಪಗಾರ ಕೊಟ್ರು.”

“ಕಲ್ಲ?”

“ಕಲ್ಲ ತಗೀರಿ ಅಂದ. ಪೂಜಿ ಮಾಡಿದ ಕಲ್ಲ ಯಾರ್ ಅಲುಗಸ್ತಾರ್ರೀ? ಇವ ಊಟಕ್ಕ ಹೋದ ಹೊತ್ತಿನ್ಯಾಗ ಅದರ ಮ್ಯಾಲನ ಮಣ್ಣ ಹಾಕಿಬಿಟ್ವಿ.”

ಆಮೇಲಿನದನ್ನು ನಾನೇ ಊಹಿಸಿಕೊಂಡೆ. ಮುಕದ್ದಮ ಊಟ ಮುಗಿಸಿ ಬಂದು, ಹಳೆಯ ಕಲ್ಲು ತೆಗೆದಿದ್ದಾರೆಂದುಕೊಂಡು, ತಾನೇ ಐದು ಗರಸುಗಲ್ಲು ಆರಿಸಿ ನೆತ್ತಿಯ ಮೇಲೆ ಜೋಡಿಸಿದ್ದಾನೆ. ಸರಕಾರವನ್ನು ಮೋಸಗೊಳಿಸಲು ಗುಡ್ಡೆ ಏರಿಸಿದವರಿಗೆ, ಈ ಬಡ ಮಂದಿಯ ಭಯಭಕ್ತಿ ಅದರೊಳಗೇ ನೆಲದ ನಿಜವಾದ ಮಟ್ಟವನ್ನು ಗುರುತು ಮಾಡಿಟ್ಟದ್ದು ತಿಳಿದಿರಲಿಲ್ಲ. ಮೂರು ದಿನದಿಂದ ಮೊದಲ ಸಲ ನನಗೆ ನಗು ಬಂತು.

ಅದೇ ಹೊತ್ತಿಗೆ ಟಾಂಗಾದ ಗೆಜ್ಜೆ ಕೇಳಿಸಿತು.

ಮುಂದೆ ಅಮೀನ ಸಾಹೇಬರು, ಅವರ ಪಕ್ಕದಲ್ಲಿ ಶುಭ್ರವಾದ ರುಮಾಲು ಸುತ್ತಿ, ಹಣೆ ತುಂಬ ವಿಭೂತಿ ಹಚ್ಚಿದ ಜಗದೇವಪ್ಪ ಸಾವಕಾರರು. ಹಿಂದೆ ಬೇಡಿ ಹಾಕಿಸಿಕೊಂಡ ಮೌನಪ್ಪ ಮತ್ತು ಒಬ್ಬ ಪೊಲೀಸ್ ಜವಾನ. ಜಾಗದ ಪಂಚನಾಮೆ ಮುಗಿಸಿ, ದೋರನಹಳ್ಳಿಯ ಕೂಟರಸ್ತೆಯಲ್ಲಿ ಮೋಟಾರು ಹಿಡಿಯುವುದೆಂದು ಗೊತ್ತುಮಾಡಿಕೊಂಡು ಬಂದಿದ್ದರು. ಕೈದಿ, ಅಧಿಕಾರಿ, ಗುತ್ತೇದಾರ ಮೂವರೂ ಒಂದೇ ಟಾಂಗಾದಲ್ಲಿ. ಬಾಡಿಗೆ ಯಾರು ಕೊಟ್ಟರೆಂದು ನಾನು ಕೇಳಲಿಲ್ಲ.

“ಏನ್ರಿ ಹಂಪಣ್ಣಾರ,” ಸಾವಕಾರರು ಇಳಿಯುತ್ತಲೇ ನಕ್ಕರು, “ಪೊಲೀಸ ನೌಕರಿ ಬಿಟ್ಟು ಮಣ್ಣ ಕೆಲಸ ಹಿಡದ್ರೇನು?”

“ನಿಮ್ಮ ಮುಕದ್ದಮನ್ನ ಕೇಳ್ರಿ. ನಾ ಬರೂಕಿಂತ ಮೊದಲ ಅವನೇ ಹಿಡದಿದ್ದ.”

“ಹಂಪಣ್ಣ,” ಅಮೀನರು ಗಡಿಯಾರ ತೆಗೆದು ನೋಡಿದರು, “ಬಾರಾ ಬಜೇಕ ಮೋಟಾರ್ ಐತಿ. ಏನ್ ಹೇಳೂದೈತಿ ಜಲ್ದಿ ಹೇಳು.”

ಹೇಳಿದೆ. ಒಡ್ಡಿನ ನೆತ್ತಿಯ ಕಸ, ಗುಡ್ಡೆ ಏರಿಸಿದ್ದು, ಒಳಗಿರುವ ಕಲ್ಲು, ಎಲ್ಲವನ್ನೂ. ಅಮೀನರು ಮೀಸೆ ತೀಡುತ್ತ ಕೇಳಿದರು. ಸಾವಕಾರರು ನಡುವೆ ಬಾಯಿ ಹಾಕಲಿಲ್ಲ. ನಾನು ಮುಗಿಸಿದ ಮೇಲೆ ಕುಣಿಯ ದಂಡೆಗೆ ಬಂದು, ಕೋಲಿನಿಂದ ಗುಡ್ಡೆಯ ನೆತ್ತಿ ತೋರಿಸಿದರು.

“ಪೂಜಿ ಕಲ್ಲ ಅಲ್ಲೇ ಕೂತಾವಲ್ಲ ಸಾಹೇಬ್ರ. ಸುರುವಿನ ದಿನ ಇಟ್ಟದ್ದು. ನೆಲ ಅಷ್ಟ ಎತ್ತರ ಇತ್ತು ಅನ್ನಾಕ ಮತ್ತೇನ ಬೇಕು? ಈ ಮುದುಕಿ ಮಗನ ಸಲುವಾಗಿ ಏನ್ ಬೇಕಾದ್ದ ಹೇಳ್ತಾಳ. ತಾಯಿ ಕರಳು, ಪಾಪ.”

“ಹಂಗಾದ್ರ ಗುಡ್ಡಿ ಒಡದು ನೋಡೂಣಲ್ರಿ,” ಎಂದೆ.

“ಒಡೀರಿ. ನಾ ಬ್ಯಾಡ ಅಂದೇನೇನು?”

ಅವರ ದನಿಯಲ್ಲಿ ಅಳುಕಿರಲಿಲ್ಲ. ಅದು ನನ್ನ ಮನಸ್ಸಿಗೆ ಚುಚ್ಚಬೇಕಿತ್ತು. ಚುಚ್ಚಲಿಲ್ಲ, ಅಷ್ಟು ಉಮೇದಿಯಲ್ಲಿದ್ದೆ.

ಸಿಕಂದರನ ಗುದ್ದಲಿಯಿಂದಲೇ ಅಗೆದೆ. ಮೇಲಿನ ಹುಲ್ಲಿನ ಹೆಂಟೆ ಇಡಿಯಾಗಿ ಕಳಚಿ ಬಂತು. ಅದರ ಕೆಳಗೆ ಗರಸು ಬೆರೆತ ಸಡಿಲ ಮಣ್ಣು. ಒಂದು ಮೊಳದ ಮೇಲಿಷ್ಟು ಇಳಿದೆ. ಆಮೇಲೆ ಗುದ್ದಲಿಗೆ ಗಟ್ಟಿ ನೆಲ ತಾಗಿತು. ಕಪ್ಪು ಎರೆಮಣ್ಣು, ಅದರಲ್ಲಿ ಕೊಳೆತ ಹುಲ್ಲಿನ ಬೇರು. ನೆಲದ ಮೇಲೆ ನೆಲ. ಗುದ್ದಲಿ ಬಿಸುಟು ಕೈಯಿಂದ ಕೆದರಿದೆ.

ಒಂದು. ಎರಡು. ಮೂರು. ನಾಲ್ಕು. ಐದು.

ಭೀಮೆಯ ನುಣ್ಣನೆಯ ಕಲ್ಲುಗಳು. ಮೈಯ ಸುಣ್ಣ ಅಲ್ಲಲ್ಲಿ ಇನ್ನೂ ಅಂಟಿಕೊಂಡಿತ್ತು. ನಡುವೆ ಕರಿಬಿದ್ದ ಒಂದು ತೆಂಗಿನ ಚಿಪ್ಪು. ಅವು ಇದ್ದದ್ದು ನನ್ನ ಸೊಂಟದ ಮಟ್ಟದಲ್ಲಿ. ಸೊಂಟದಿಂದ ಎದೆಯವರೆಗಿನ ಮಣ್ಣನ್ನು ಯಾರೂ ಅಗೆದಿರಲಿಲ್ಲ, ಯಾರೂ ಹೊತ್ತಿರಲಿಲ್ಲ, ಒಡ್ಡಿಗೆ ಹಾಕಿರಲಿಲ್ಲ. ಮೂರು ಬುಟ್ಟಿಗೆ ಒಂದು ಬುಟ್ಟಿ ಬರೀ ಕಾಗದದ ಮೇಲೆ ಬಿದ್ದಿತ್ತು. ಆ ಒಂದು ಬುಟ್ಟಿಯ ಕೊರತೆಯಲ್ಲೇ ನೀರು ಒಡ್ಡು ಹತ್ತಿ ಬಂದು ಮಾನಮ್ಮನನ್ನು ಒಯ್ದಿತ್ತು.

ಹಣಮಂತಮ್ಮ ಕುಣಿಗಿಳಿದು ಬಂದಳು. ರೊಟ್ಟಿಯ ಗಂಟನ್ನು ಬದಿಗಿಟ್ಟು ಕಲ್ಲುಗಳನ್ನು ಒಂದೊಂದಾಗಿ ಉಡಿಗೆ ಹಾಕಿಕೊಂಡಳು.

“ಇವ ನೋಡ್ರಿ ನನ್ನ ಕಲ್ಲ,” ಎಂದು ಅತ್ತಳು. “ನಾವ ಏರಿಸಿದ್ವಿ. ನಮ್ಮ ಕೈಲೇನ ನಮ್ಮ ಮನಿಗೆ ನೀರ ಕರದ್ವಿ. ನಮಗೇನ್ ಗೊತ್ತಿತ್ರೀ, ಚಂದ ಕಾಣಲಿ ಅಂದ್ರು, ಏರಿಸಿದ್ವಿ!”

ಅಮೀನರು ಕುಣಿಯ ಅಂಚಿಗೆ ಬಂದು ಬಗ್ಗಿ ನೋಡಿದರು.

“ಮೌನಪ್ಪನ ಗುದ್ದಲಿ ಅಲ್ಲಿ ಯಾಕ ಸಿಕ್ಕಿತು?”

“ಸೋರಾಕತ್ತಿದ್ದ ತೂತ ಮುಚ್ಚಾಕ ಹೋಗಿದ್ರಿ ನನ್ನ ಮಗ,” ಎಂದಳು ಹಣಮಂತಮ್ಮ. “ಮಗಳನ್ನ ಎತ್ತಿಗೊಂಡು ಓಡೂದ ಬಿಟ್ಟು ಒಡ್ಡ ಉಳಸಾಕ ಹೋದ. ಅವರಪ್ಪನ ಒಡ್ಡ ಅಂತ.”

“ಜಗದೇವಪ್ಪ,” ಅಮೀನರ ದನಿ ಬದಲಾಗಿತ್ತು, “ಇದಕ್ಕ ಏನ್ ಜವಾಬು?”

ಮೌನಪ್ಪನ ಬೇಡಿ ಈಗ ಕಳಚುತ್ತದೆ ಎಂದುಕೊಂಡೆ. ಆ ಬೇಡಿ ಯಾರ ಕೈಗೆ ಹೋಗುತ್ತದೆ ಎಂದೂ ಎಣಿಕೆ ಹಾಕಿದೆ. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವಾದರೂ ನೌಕರಿ ಸಾರ್ಥಕವಾಯಿತು ಎನ್ನಿಸಿತು. ಎಂಥ ಹುಚ್ಚ ನಾನು!

ಸಾವಕಾರರು ಅಂಗಿಯ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದು ಎರಡೂ ಕೈಯಿಂದ ಅಮೀನರಿಗೆ ಕೊಟ್ಟರು.

“ಅಳತಿ ಪಂಚನಾಮೆ ರಿ ಸಾಹೇಬ್ರ. ಅವತ್ತ ನನಗೂ ಒಂದ ಪ್ರತಿ ಕೊಟ್ಟಿದ್ರು. ನಾ ಏನ್ ಹೇಳೂದು? ಇದರಾಗ ಏನ್ ಬರದದ ಓದ್ರಿ.”

ಅಮೀನರು ಮನಸ್ಸಿನಲ್ಲೇ ಒಂದು ಸಲ ಓದಿಕೊಂಡರು. ಆಮೇಲೆ ನಮಗೆ ತಿಳಿಯುವಂತೆ ಕನ್ನಡದಲ್ಲಿ ಹೇಳಿದರು.

“ಇಪ್ಪತ್ತೂ ಗುಡ್ಡಿ ನಮ್ಮ ಕಣ್ಣ ಮುಂದ ಅಳದಾರ. ಮ್ಯಾಲ ಸುರುವಿನ ದಿನದ ಪೂಜಿ ಕಲ್ಲ ಅದಾವ. ಯಾರೂ ಕೈ ಹಚ್ಚಿಲ್ಲ. ನಾವು ಖುದ್ದ ಕುಣಿಗಿಳದು ನೋಡೀವಿ. ಕೆಳಗ ಎರಡು ದಸ್ತಖತ್. ಒಂದು ಓವರ್‌ಸೀಯರನದು.”

“ಅವ ಹೋದ ವರ್ಷ ಕಾಲರಾದಾಗ ಹೋದ್ರಿ,” ಸಾವಕಾರರು ಮೆಲ್ಲಗೆ ಸೇರಿಸಿದರು.

“ಇನ್ನೊಂದು, ಗವಾಹ, ಅಂದ್ರ ಸಾಕ್ಷಿ ಅಂತ ಪೊಲೀಸ ಮುಲಾಜಿಮ ಒಬ್ಬಾಂವ ಹಾಕ್ಯಾನ.” ಅಮೀನರು ಕಾಗದವನ್ನು ಬೆಳಕಿಗೆ ಹಿಡಿದರು. “ಕಲ್ಲ ಖರೇ ಅಂದ್ರ ಈ ಕಾಗದ ಸುಳ್ಳ. ಕಾಗದ ಸುಳ್ಳ ಅಂದ್ರ, ದಸ್ತಖತ್ ಮಾಡಿದಾಂವ ಮೌನಪ್ಪನ ಜಾಗಾದಾಗ ಕೂಡಬೇಕಾಗ್ತದ. ಯಾರಿಂವ? ಕನ್ನಡದಾಗ ಬರದಾನ. ಜಗದೇವಪ್ಪ, ಓದು.”

“ನನ್ನ ಕಣ್ಣ ಈಗ ಮೊದಲಿನಂಗ ಇಲ್ರಿ.” ಸಾವಕಾರರು ನನ್ನ ಮುಖವನ್ನೇ ನೋಡುತ್ತಿದ್ದರು. ನಗು ಹಾಗೇ ಇತ್ತು. “ಹಂಪಣ್ಣಾರ ಓದ್ತಾರ.”

ಕಾಗದ ನನ್ನ ಕೆಸರುಗೈಗೆ ಬಂತು. ಬಲದಿಂದ ಎಡಕ್ಕೆ ಹರಿದ ಸಾಲುಗಳು ನನಗೆ ಏನೂ ಹೇಳಲಿಲ್ಲ. ಕೆಳಗಿನ ಒಂದು ಸಾಲು ಎಡದಿಂದ ಬಲಕ್ಕೆ ಇತ್ತು. ಬರೆದ ಕೈಗೆ ಹೋಳಿಗೆಯ ತುಪ್ಪ ಹತ್ತಿತ್ತೇನೋ, ಅಕ್ಷರದ ಪಕ್ಕದಲ್ಲಿ ಹಳದಿ ಕಲೆಯೊಂದು ಉಳಿದಿತ್ತು. ಬಂದೋಬಸ್ತಿನ ಹಾಜರಿ, ಇಲ್ಲೊಂದು ಹಾಕಿಬಿಡ್ರಿ ಎಂದು ಅವತ್ತು ಯಾರೋ ನನಗೆ ಬೆರಳಿಟ್ಟು ತೋರಿಸಿದ್ದು ಈಗ ನೆನಪಾಯಿತು.

ಸಾವಕಾರರು ನನಗೆ ಕೈ ನೀಡಿ ಕುಣಿಯಿಂದ ಮೇಲೆತ್ತುವವರಂತೆ ಬಗ್ಗಿದರು. ನನಗೊಬ್ಬನಿಗೇ ಕೇಳಿಸುವಂತೆ ಹೇಳಿದರು.

“ಆ ಐದ ಕಲ್ಲ ಹಳ್ಳಕ್ಕ ಒಗದು ಬಿಡ್ರಿ. ಮುದುಕಿ ಈಗ ತಂದಿಟ್ಟಾಳ ಅನ್ರಿ. ನೀವೂ ಏನೂ ನೋಡಿಲ್ಲ, ನಾನೂ ಏನೂ ಹೇಳಿಲ್ಲ.”

ಮೋಟಾರಿಗೆ ಹೊತ್ತಾಯಿತೆಂದು ಟಾಂಗಾದವನು ಕೂಗಿದ. ಜವಾನ ಮೌನಪ್ಪನನ್ನು ಎಬ್ಬಿಸಿ ನಿಲ್ಲಿಸಿದ.

“ಓದ್ರಿ ಜಮಾದಾರ್ರ,” ಹಣಮಂತಮ್ಮ ಉಡಿಯ ಕಲ್ಲುಗಳನ್ನು ಅವುಚಿಕೊಂಡು ನನ್ನ ಕಾಲಿನ ಬಳಿ ಬಂದಳು. “ನಿಮ್ಮ ಪುಣ್ಯಾದಾಗ ಇಷ್ಟೆಲ್ಲಾ ಹೊರಗ ಬಂತು. ಆ ಹಲ್ಕಟ್ಟ ಯಾರು, ಅವನ ಹೆಸರ ಓದಿ ಹೇಳ್ರಿ. ನನ್ನ ಮಗ ಉಳೀತಾನ.”

ಅವಳ ಮುಖ ನೋಡಲಾರದೆ ತಲೆ ಎತ್ತಿದೆ. ದಂಡೆಯ ಮೇಲಿಂದ ಮೌನಪ್ಪ ನನ್ನನ್ನೇ ನೋಡುತ್ತಿದ್ದ. ಮೂರು ದಿನದಲ್ಲಿ ಮೊದಲ ಸಲ ಅವನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು.

“ಅವ್ವಾ, ಅವರನ್ನ ಕೇಳಬ್ಯಾಡ,” ಎಂದ. “ಅವತ್ತ ಶಾಮಿಯಾನದಾಗ ನೀರ ಕೊಡಾಂವ ನಾನ ಇದ್ದೆ. ಯಾರ ಕೈ ಅಂತ ನಾ ನೋಡೀನಿ.”

ಅವನು ನನ್ನ ರೊಟ್ಟಿಯನ್ನು ಯಾಕೆ ಮುಟ್ಟಲಿಲ್ಲ ಎಂಬುದು ಆಗ ತಿಳಿಯಿತು. ಆದರೂ ಹೆಸರನ್ನು ಅವನು ಹೇಳಲಿಲ್ಲ. ಹೇಳುವುದನ್ನು ನನಗೇ ಬಿಟ್ಟ.

“ಹಂಪಣ್ಣ,” ಅಮೀನರು ಗಡಿಯಾರವನ್ನು ಜೇಬಿಗೆ ಹಾಕಿದರು, “ಓದು.”